ಅತ್ತೆಯವರು ಬೆಂಕಿ ಹಾಕಿದ ರೈಲು

ಮೊನ್ನೆ ಭಾನುವಾರ ಕಂಪ್ಯೂಟರಿನ ಕೀಬೋರ್ಡನ್ನು ಮಗುಚಿ ಹಿಡಿದು ಬೆನ್ನಿಗೆ ನಾಲ್ಕು ಏಟು ಹಾಕಿದೆ. ಅದರ ಒಂದು ಗುಂಡಿ ಕೆಲವು ದಿನಗಳಿಂದ ಒತ್ತಿದರೆ ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತಿತ್ತು. ಉದುರಿದ್ದು ಒಂದಿಷ್ಟು ಧೂಳು, ಒಂದು ಸ್ಟೇಪ್ಲರ್ ಪಿನ್ನು, ನನ್ನವೇ ಎರಡು ಬಿಳಿ ಕೂದಲು, ಮತ್ತೆ ಎರಡು ಕಾಳು ಮಂಡಕ್ಕಿ. ಹಗರಿಬೊಮ್ಮನಹಳ್ಳಿಯ ಯಾವ ಮನೆಯಲ್ಲಿ ಏನನ್ನು ಜಾಡಿಸಿದರೂ ಮಂಡಕ್ಕಿ ಉದುರುತ್ತದೆ, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಆದರೆ ಈ ಎರಡು ಕಾಳು ಯಾರ ಮಡಿಲಿನಿಂದ ಹಾರಿ ಅಲ್ಲಿ ಸೇರಿಕೊಂಡವು, ಯಾವ ಮಧ್ಯಾಹ್ನ ಹಾರಿದವು ಎಂಬುದು ನನಗೆ ಗೊತ್ತು. ನಾಲ್ಕು ವರ್ಷದಿಂದ ಆ ಗುಂಡಿಗಳ ಅಡಿಯಲ್ಲಿ ಅವು ತಣ್ಣಗೆ ಮಲಗಿದ್ದವಲ್ಲ ಎಂದು ಆಶ್ಚರ್ಯವಾಯಿತು.

ಮೊದಲು ನನ್ನ ಚಟದ ವಿಷಯ ಹೇಳಿಬಿಡುತ್ತೇನೆ. ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಅಂಗಡಿಗೆ ಹೊಸ ಕಂಪ್ಯೂಟರು ಬಂದಾಗ ಹಳೆಯದು ಮನೆಯ ನಡುಕೋಣೆಗೆ ಬಂತು. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಊಟಕ್ಕೆ ಬಂದವನು ಮಲಗುವುದು ಬಿಟ್ಟು ಅದರಲ್ಲಿ ರೈಲು ಓಡಿಸುತ್ತೇನೆ. ಹೌದು, ಆಟ. ಎಂಜಿನ್ನಿನ ಒಳಗೆ ನಿಂತಂತೆಯೇ ಎಲ್ಲವೂ ಕಾಣುವ, ಎಲ್ಲ ಹಿಡಿಗಳನ್ನೂ ನಾವೇ ತಿರುಗಿಸಬೇಕಾದ ಆಟ. ಐವತ್ತು ದಾಟಿದ ಮನುಷ್ಯ ಹೀಗೆ ಮಾಡುತ್ತಾನೆಂದರೆ ನಿಮಗೆ ನಗು ಬರಬಹುದು. ನನ್ನ ಹೆಂಡತಿ ಶಾಂತ ನಗುವ ಹಂತವನ್ನು ದಾಟಿ ಬಹಳ ದಿನಗಳಾದವು.

ಚಿಕ್ಕವನಿದ್ದಾಗ ಕೊಟ್ಟೂರಿಗೂ ಹೊಸಪೇಟೆಗೂ ನಡುವೆ ಸಣ್ಣ ಹಳಿಯ ರೈಲು ಓಡಾಡುತ್ತಿತ್ತು. ಅದಕ್ಕೆ ಉಗಿಯ ಎಂಜಿನ್. ಏರು ಬಂದರೆ ಎಷ್ಟು ನಿಧಾನವಾಗುತ್ತಿತ್ತೆಂದರೆ, ಹಳಿಯ ಪಕ್ಕದ ಜಾಲಿ ಗಿಡದಲ್ಲಿ ಕೂತ ಹಕ್ಕಿಯ ಮುಖ ಗುರುತು ಹಿಡಿಯಬಹುದಿತ್ತು. ಮುಂದೆ ಎಂಜಿನ್ನಿನಲ್ಲಿ ಇಬ್ಬರು ಇರುತ್ತಾರೆಂದು ಅಪ್ಪ ಹೇಳಿದ್ದರು. ಆ ಇಬ್ಬರು ಈಗ ಏನು ಮಾಡುತ್ತಿದ್ದಾರೆ? ಅದನ್ನು ಬೈಯುತ್ತಿದ್ದಾರೆಯೋ, ಬೇಡಿಕೊಳ್ಳುತ್ತಿದ್ದಾರೆಯೋ? ಕೇಳಿದರೆ ಅಪ್ಪ, ‘ಕಲ್ಲಿದ್ದಲು ಹಾಕ್ತಾರಲೇ, ಸುಮ್ನ ಕೂಡು’ ಎಂದರು. ನಾನು ಸುಮ್ಮನೆ ಕೂತೆ. ಆದರೆ ಪ್ರಶ್ನೆ ಸುಮ್ಮನೆ ಕೂರಲಿಲ್ಲ. ಆ ಎಂಜಿನ್ನುಗಳೆಲ್ಲ ಹೋಗಿ, ಹಳಿಗಳೂ ಅಗಲವಾಗಿ, ಎಲ್ಲ ಮುಗಿದ ಮೇಲೆ ಈ ಆಟ ನನ್ನ ಕೈಗೆ ಸಿಕ್ಕಿತು.

ಸಿಕ್ಕ ಮೇಲೆ ತಿಳಿಯಿತು, ಕಲ್ಲಿದ್ದಲು ಹಾಕುವುದೊಂದೇ ಅಲ್ಲ ಎಂದು. ಬೆಂಕಿಗೆ ಕಲ್ಲಿದ್ದಲು ಹಾಕಬೇಕು, ಬಾಯ್ಲರಿಗೆ ನೀರು ಬಿಡಬೇಕು, ಉಗಿಯ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿರಬೇಕು, ಚಕ್ರಕ್ಕೆ ಎಷ್ಟು ಉಗಿ ಬಿಡಬೇಕೆಂದು ಒಂದು ಹಿಡಿಯಿಂದ ಅಳೆಯಬೇಕು. ಕಲ್ಲಿದ್ದಲು ಹೆಚ್ಚಾದರೆ ಬೆಂಕಿ ಮಂಕಾಗುತ್ತದೆ. ನೀರು ಬಿಟ್ಟರೆ ಉಗಿ ಇಳಿಯುತ್ತದೆ, ಬಿಡದಿದ್ದರೆ ಬಾಯ್ಲರೇ ಸಿಡಿಯುತ್ತದೆ. ಸಪಾಟು ದಾರಿಯಲ್ಲಿ ಹೇಗೋ ನಿಭಾಯಿಸುತ್ತಿದ್ದೆ. ಏರಿನಲ್ಲಿ ನನ್ನ ಬಂಡವಾಳ ಬಯಲಾಗುತ್ತಿತ್ತು. ಯಾವುದೋ ದೇಶದ ಬೆಟ್ಟ, ಸದಾ ಸುರಿಯುವ ಮಳೆ, ಹಿಂದೆ ಹತ್ತು ಡಬ್ಬಿ. ಕಲ್ಲಿನ ಸೇತುವೆಯ ಹತ್ತಿರದ ತಿರುವಿಗೆ ಬರುವಷ್ಟರಲ್ಲಿ ಮುಳ್ಳು ಬಿದ್ದುಹೋಗಿ, ಎಂಜಿನ್ ನಿಂತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ನಾಲ್ಕು ತಿಂಗಳಲ್ಲಿ ಆ ಸೇತುವೆಯನ್ನು ನಾನು ಒಮ್ಮೆಯೂ ದಾಟಿರಲಿಲ್ಲ.

ಅಷ್ಟರಲ್ಲಿ ನಮ್ಮತ್ತೆ ಕಣ್ಣಿನ ಆಪರೇಷನ್ನಿಗೆಂದು ಹರಪನಹಳ್ಳಿಯಿಂದ ಬಂದರು.

ಶಾಂತಳ ತಾಯಿ ನೀಲಮ್ಮನವರನ್ನು ಹರಪನಹಳ್ಳಿಯಲ್ಲಿ ಬರೀ ನೀಲಮ್ಮ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಭಟ್ಟಿ ನೀಲಮ್ಮ ಎನ್ನಬೇಕು. ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಬಂದವರು ಅತ್ತೆಮನೆಯ ಮಂಡಕ್ಕಿ ಭಟ್ಟಿಯ ಮುಂದೆ ಕೂತರು, ಗಂಡ ತೀರಿಕೊಂಡ ಮೇಲೂ ಏಳಲಿಲ್ಲ. ಭಟ್ಟಿ ಅಂದರೆ ಒಂದು ದೊಡ್ಡ ಒಲೆ, ಅದರ ಬಾಯಿಗೆ ಭತ್ತದ ಹೊಟ್ಟು ಹಾಕುತ್ತಲೇ ಇರಬೇಕು. ಮೇಲಿನ ಬಾಣಲೆಯಲ್ಲಿ ಉಸುಕು ಕಾಯುತ್ತಿರುತ್ತದೆ. ಹದಮಾಡಿದ ಅಕ್ಕಿಯನ್ನು ಆ ಉಸುಕಿಗೆ ಸುರಿದು ಸೌಟಿನಿಂದ ಕೈಯಾಡಿಸಿದರೆ ಪಟಪಟನೆ ಅರಳುತ್ತದೆ, ಜರಡಿ ಹಿಡಿದರೆ ಉಸುಕು ಕೆಳಗೆ, ಮಂಡಕ್ಕಿ ಮೇಲೆ. ಕೇಳುವುದಕ್ಕೆ ಸುಲಭ. ಉಸುಕು ಸ್ವಲ್ಪ ತಣ್ಣಗಿದ್ದರೆ ಅಕ್ಕಿ ಅರಳುವುದಿಲ್ಲ, ಸ್ವಲ್ಪ ಹೆಚ್ಚು ಕಾದರೆ ಕಪ್ಪಾಗುತ್ತದೆ.

ಅವರಿಗೂ ನನಗೂ ನಡುವೆ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನೇರ ಮಾತು ನಡೆದದ್ದು ನಾಲ್ಕೈದು ಸಲ ಇದ್ದೀತು. ಜಗಳವೇನಿಲ್ಲ, ಮರ್ಯಾದೆ. ನಾನು ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದರೂ, ‘ಶಾಂತಾ, ಅಳಿಯಂದ್ರಿಗೆ ಮಜ್ಜಿಗಿ ಬೇಕೇನು ಕೇಳು’ ಎನ್ನುವರು. ನಾನು, ‘ಶಾಂತಾ, ಅತ್ತೀಗೆ ಸಾಕು ಅಂತ ಹೇಳು’ ಎನ್ನುವೆ. ಶಾಂತ ಎರಡೂ ಕಡೆಗೆ ಏನನ್ನೂ ಹೇಳದೆ ಮಜ್ಜಿಗೆ ಬಡಿಸುವಳು.

ಬಲಗಣ್ಣಿನ ಪೊರೆ ತೆಗೆದಾಗಿತ್ತು. ಎಡಗಣ್ಣು ಒಂದೂವರೆ ತಿಂಗಳ ಮೇಲೆ. ಅಲ್ಲಿಯತನಕ ಕಪ್ಪು ಕನ್ನಡಕ, ಹೊಗೆಗೆ ಹೋಗುವಂತಿಲ್ಲ, ಬಗ್ಗುವಂತಿಲ್ಲ. ಕಂಪ್ಯೂಟರಿನ ಬೆಳಕು ಬೀಳಬಾರದೆಂದು ಶಾಂತ ತಾಯಿಯ ಮಂಚವನ್ನು ಅದಕ್ಕೆ ಬೆನ್ನುಮಾಡಿ ಹಾಕಿಸಿದ್ದಳು. ಐವತ್ತು ವರ್ಷ ಒಂದು ಗಳಿಗೆ ಖಾಲಿ ಇರದ ಕೈ ಅದು. ಮಡಿಲಲ್ಲಿ ಒಂದು ಹಿಡಿ ಮಂಡಕ್ಕಿ ಹಾಕಿಕೊಂಡು, ತಿನ್ನದೆ, ಬೆರಳಿನಿಂದ ಆ ಕಡೆ ಈ ಕಡೆ ಸರಿಸುತ್ತ ಗೋಡೆ ನೋಡಿಕೊಂಡು ಕೂರುತ್ತಿದ್ದರು.

ಮೊದಲ ಕೆಲವು ದಿನ ನಾನು ಸಂಕೋಚದಿಂದ ಆಟವನ್ನೇ ಮುಟ್ಟಲಿಲ್ಲ. ಆಮೇಲೆ ತಡೆಯಲಾರದೆ ಸದ್ದು ಕಡಿಮೆ ಮಾಡಿ ಶುರುಮಾಡಿದೆ. ಸೇತುವೆಯ ತಿರುವು ಬಂತು, ಎಂಜಿನ್ ಏದುಸಿರು ಬಿಡತೊಡಗಿತು. ಹಿಂದಿನಿಂದ ಮಾತು ಬಂತು.

‘ಶಾಂತಾ, ಅಲ್ಲಿ ಯಾವ್ದೋ ಉಸುರಾಡಾಕ ಒದ್ದಾಡಾಕತ್ತೈತಿ. ಏನದು ನೋಡು.’

ಶಾಂತ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಉತ್ತರ ಕೊಡುವವನು ನಾನೊಬ್ಬನೇ.

‘ರೈಲು’ ಎಂದೆ, ಕಂಪ್ಯೂಟರಿನ ಕಡೆಗೆ ಮುಖಮಾಡಿ.

‘ಬೆಂಕೀದಾ?’ ಎಂದರು, ಗೋಡೆಯ ಕಡೆಗೆ ಮುಖಮಾಡಿ.

‘ಹೂಂ. ಕಲ್ಲಿದ್ದಲಿಂದು.’

ಸ್ವಲ್ಪ ಹೊತ್ತು ಕಿವಿಗೊಟ್ಟರು. ‘ಯಾರೋ ಒಮ್ಮೆಲೆ ಬಾಳ ಸುರುವ್ಯಾರ. ಬೆಂಕಿ ಉಸುರುಗಟ್ಟೇತಿ.’

ಆ ಯಾರೋ ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ರೈಲು ಹಿಂದಕ್ಕೆ ಜಾರಿತು. ಆದರೆ ಮರುದಿನ ಒಂದು ಸಲಿಕೆ ಹಾಕುವ ಕಡೆ ಅರ್ಧ ಸಲಿಕೆ ಹಾಕಿದೆ. ಎಂಜಿನ್ ಸೇತುವೆಯ ನಡುವಿನತನಕ ಹೋಯಿತು! ಖುಷಿಯಿಂದ ತಿರುಗಿ ನೋಡಿದರೆ ಅತ್ತೆಯವರ ಬೆನ್ನು ನೆಟ್ಟಗಾಗಿತ್ತು. ಆವತ್ತಿನಿಂದ ನಾವು ಶಾಂತಳನ್ನು ಬಿಟ್ಟೇ ಮಾತಾಡತೊಡಗಿದೆವು.

ಅವರ ಪ್ರಶ್ನೆಗಳು ನನ್ನವುಗಳಿಗಿಂತ ಚುರುಕು. ನೀರು ಎಲ್ಲಿ ಬೀಳುತ್ತದೆ? ಹೊಗೆ ಎಲ್ಲಿಂದ ಹೋಗುತ್ತದೆ? ಬೆಂಕಿಯ ಬಾಯಿಗೆ ಬಾಗಿಲು ಇದೆಯೇ? ಒಂದು ದಿನ, ‘ಅದು ಛಕ್ ಛಕ್ ಅಂತ ಉಸುರು ಬಿಟ್ಟಾಗೆಲ್ಲ ಬೆಂಕಿ ಗಾಳಿ ಎಳಕೋತೈತಿ, ಅಲ್ಲೇನ್ರಿ?’ ಎಂದರು. ನಾನು ಆಟದ ಜೊತೆ ಬಂದ ವಿವರಣೆಯನ್ನು ಹುಡುಕಿ ಓದಿದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ನುಗ್ಗುವಾಗ ತನ್ನ ಹಿಂದೆ ಬೆಂಕಿಯ ಗಾಳಿಯನ್ನೂ ಎಳೆದೊಯ್ಯುತ್ತದೆ, ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ ಎಂದು ಅಲ್ಲಿ ಬರೆದಿತ್ತು. ಆ ಪುಟವನ್ನು ನಾನು ಮೂರು ಸಲ ಓದಿದ್ದೆ, ಒಂದು ಸಲವೂ ಅರ್ಥವಾಗಿರಲಿಲ್ಲ. ಅವರು ಗೋಡೆ ನೋಡುತ್ತ ಕೂತು ಕಂಡುಕೊಂಡಿದ್ದರು.

‘ಏರಿಗೆ ಬಂದ ಮ್ಯಾಲೆ ಹಾಕಿದ್ರ ಏನು ಬಂತ್ರಿ?’ ಎಂದು ಇನ್ನೊಂದು ದಿನ ಬೈದರು, ಬಹುವಚನದಲ್ಲಿಯೇ. ‘ಅಕ್ಕಿ ಸುರಿಯೋಕಿಂತ ಮುಂಚೆ ಉಸುಕು ಕಾದಿರಬೇಕು. ನೀರೂ ಮೊದ್ಲ ಕುಡಿಸ್ರಿ. ಆಮ್ಯಾಲೆ ಕುಡಿಸಿದ್ರ ತಣ್ಣಗಾಗಿಬಿಡತೈತಿ.’

ಈಗ ಬಾಕಿ ಉಳಿದದ್ದು ಒಂದೇ ತೊಂದರೆ. ಮಳೆಯಲ್ಲಿ ಹಳಿ ಒದ್ದೆಯಾಗಿ, ಚಕ್ರಗಳು ಇದ್ದಲ್ಲೇ ಗರಗರ ತಿರುಗಿಬಿಡುತ್ತಿದ್ದವು. ಹಾಗಂತ ಹೇಳಿದಾಗ ಅತ್ತೆ, ‘ಜಾರಿದ್ರ ಒಂದೀಟು ಉಸುಕು ಹಾಕ್ರಿ. ಉಸುಕು ಐತೇನು ಬಂಡ್ಯಾಗ?’ ಎಂದರು. ಹೇಳಿದ್ದು ತಮಾಷೆಗೆ. ನೋಡಿದರೆ ನಿಜವಾಗಿಯೂ ಇತ್ತು. ಎಂಜಿನ್ನಿನ ಮೇಲೆ ಉಸುಕಿನ ಡಬ್ಬವೇ ಇರುತ್ತದಂತೆ, ಗುಂಡಿ ಒತ್ತಿದರೆ ಚಕ್ರದ ಮುಂದೆ ಉದುರುತ್ತದಂತೆ. ಇಬ್ಬರೂ ಎಷ್ಟು ಜೋರಾಗಿ ನಕ್ಕೆವೆಂದರೆ ಶಾಂತ ಒದ್ದೆ ಕೈಯಲ್ಲೇ ಓಡಿಬಂದಳು.

‘ಏನಾತು?’

‘ಉಸುಕು ಐತಂತ’ ಎಂದರು ಅತ್ತೆ, ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತ.

‘ಕಣ್ಣು ಒರಸಬ್ಯಾಡ ಅಂದಾರ ಡಾಕ್ಟ್ರು!’ ಎಂದು ಶಾಂತ ಗದರಿಸಿ ಹೋದಳು.

ಮರುದಿನ ಅತ್ತೆ ಮಂಚ ಬಿಟ್ಟು ನನ್ನ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡರು. ಪರದೆಗೆ ಬೆನ್ನುಮಾಡಿ, ಬಾಗಿಲ ಕಡೆ ಮುಖಮಾಡಿ ಕೂತರು, ಮಡಿಲಲ್ಲಿ ಎಂದಿನಂತೆ ಮಂಡಕ್ಕಿ.

‘ಏರು ಎಷ್ಟು ದೂರ ಐತಿ?’

‘ಎರಡು ಮೈಲಿ.’

‘ನೀರು?’

‘ಕುಡಿಸೀನಿ.’

‘ಈಗ ಹಾಕ್ರಿ. ಸಣ್ಣಗ. ಇನ್ನೊಂದೀಟು. ಬಾಗಿಲಾ ಮುಚ್ರಿ.’

ಏರು ಶುರುವಾಯಿತು. ಅವರು ತಲೆ ಸ್ವಲ್ಪ ಓರೆಮಾಡಿ ಕೇಳುತ್ತಿದ್ದರು. ಒಂದೊಂದು ಸಲ ಬೆರಳೆತ್ತುವರು, ನಾನು ಅರ್ಧ ಸಲಿಕೆ ಹಾಕುವೆ. ಸೇತುವೆಯ ಮೇಲೆ ಚಕ್ರ ಜಾರಿತು, ಸದ್ದು ಒಮ್ಮೆಲೆ ಹುಚ್ಚೆದ್ದಂತಾಯಿತು. ‘ಕೈ ಬಿಡ್ರಿ, ಕೈ ಬಿಡ್ರಿ!’ ಎಂದರು. ಉಗಿ ಕಡಿಮೆ ಮಾಡಿದೆ. ‘ಉಸುಕು!’ ಗುಂಡಿ ಒತ್ತಿದೆ. ಎಂಜಿನ್ ಒಂದು ಕ್ಷಣ ಯೋಚಿಸಿತು. ಆಮೇಲೆ ಒಂದು ಛಕ್. ಬಹಳ ಹೊತ್ತಿನ ಮೇಲೆ ಇನ್ನೊಂದು. ಸೇತುವೆ ಹಿಂದೆ ಸರಿಯಿತು. ನಾನೆಂದೂ ನೋಡಿರದ ಮರಗಳು, ನೋಡಿರದ ಒಂದು ಸಿಗ್ನಲ್ಲು, ಒಂದು ಹಳದಿ ಮನೆ ಬಂದವು. ಎಷ್ಟು ಹೊತ್ತು ಹಾಗೆ ಹೋದೆವೋ ಗೊತ್ತಿಲ್ಲ.

‘ಹಗುರಾತು’ ಎಂದರು ಅತ್ತೆ. ‘ಏರು ಮುಗೀತೇನ್ರಿ?’

ನೋಡಿದೆ. ಮುಂದಿನ ಹಳಿ ಕಾಣುತ್ತಿರಲಿಲ್ಲ, ಅದು ಆಚೆ ಇಳಿಯುತ್ತಿತ್ತು. ‘ಮುಗೀತ್ರಿ ಅತ್ತೀ!’ ಎಂದು ಕೂಗಿದೆ. ಅವರು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದರು. ಮಡಿಲ ಮಂಡಕ್ಕಿಯೆಲ್ಲ ಮೇಜಿನ ತುಂಬ ಹಾರಿತು.

ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೇನೋ. ಆದರೆ ನನ್ನದು ಕೇಳುವ ಬುದ್ಧಿ. ‘ಅತ್ತೀ, ಬೆಂಕಿ ನೋಡದ, ಬರೇ ಕಿವಿ ಮ್ಯಾಲ ಇಷ್ಟು ಹೆಂಗ ಹೇಳ್ತೀರಿ?’ ಎಂದೆ.

ಅವರ ಮುಖದ ನಗು ನಿಂತಿತು. ಹಿತ್ತಲ ಕಡೆಗೆ ಕಿವಿಕೊಟ್ಟು, ಶಾಂತ ದೂರದಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

‘ಭಟ್ಟ್ಯಾಗೂ ಹಂಗ ಮಾಡ್ತಿದ್ನ್ರಿ. ಮೂರು ವರ್ಷ ಆತು, ನನಗ ಬೆಂಕಿ ಕಾಣಂಗಿಲ್ಲ. ಮುಂದ ಕುಂತ್ರ ಒಂದು ಕೆಂಪು ಮಬ್ಬು, ಅಷ್ಟ.’

ಮೂರು ವರ್ಷ ಈ ಹೆಂಗಸು ಕಾಣದ ಬೆಂಕಿಗೆ ಹೊಟ್ಟು ಹಾಕಿ, ಕಾಣದ ಉಸುಕಿನಲ್ಲಿ ಅಕ್ಕಿ ಅರಳಿಸಿ, ನಮಗೆಲ್ಲ ಚೀಲಗಟ್ಟಲೆ ಮಂಡಕ್ಕಿ ಕಳಿಸಿದ್ದರು. ಯಾಕೆ ಹೇಳಲಿಲ್ಲ ಎಂದರೆ, ‘ಮಂಜಂಗ ಗೊತ್ತಾದ್ರ ಮರುದಿನಾನ ನನ್ನ ಪಡಸಾಲ್ಯಾಗ ಕುಂದರಸ್ತಾನ’ ಎಂದರು. ಮಂಜಣ್ಣ ಅವರ ಮಗ, ಸಂತೆಗಳಿಗೆ ಮಂಡಕ್ಕಿ ಹಾಕಿಬರುವವನು. ಭಟ್ಟಿಯಲ್ಲಿ ಅತ್ತೆಯ ಜೊತೆ ಕೆಲಸ ಮಾಡುವವಳು ಅವನ ಹೆಂಡತಿ ರೇಖ.

ಆ ಹೆಸರಿನಲ್ಲೇ ಮುಖ್ಯ ನೋವು ಇತ್ತು. ಹಿಂದಿನ ವರ್ಷ ರೇಖಳ ಕಾಲು ಸುಟ್ಟಿತ್ತು. ಜಾರಿದೆ, ಬಾಣಲೆಯ ಉಸುಕು ಬಿತ್ತು ಎಂದು ಅವಳೇ ಎಲ್ಲರಿಗೂ ಹೇಳಿದ್ದಳು, ನಾವೂ ನೋಡಿಕೊಂಡು ಬಂದಿದ್ದೆವು.

‘ಅಕಿ ಜಾರಿಲ್ರಿ’ ಎಂದರು ಅತ್ತೆ. ‘ಜರಡಿ ಅಂತ ತಿಳದು ಅಕಿ ಕಾಲ ಮ್ಯಾಲ ಸುರುವಿದಾಕಿ ನಾನು. ಅವತ್ತು ಮುಂಜಾನಿ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳದಿತ್ತು. ಸಿಟ್ಟಿಲೆ ಬೇಕಂತ ಸುರುವಿದೆ ಅಂತ ತಿಳಕೊಂಡಾಳ ಅಕಿ. ಆದ್ರೂ ನನ್ನ ಹೆಸರು ಹೇಳ್ಲಿಲ್ಲ. ಅವತ್ತಿಂದ ಅಕಿ ಮುಖಾನೂ ನನಗ ಕಾಣಂಗಿಲ್ಲ, ಮನಸೂ ಕಾಣಂಗಿಲ್ಲ.’

ಹೇಳಿದರೆ ಭಟ್ಟಿ ಹೋಗುತ್ತದೆ, ಹೇಳದಿದ್ದರೆ ಸೊಸೆಯ ಕಣ್ಣಲ್ಲಿ ಕ್ರೂರಿಯಾಗಿ ಉಳಿಯಬೇಕು. ಒಂದು ವರ್ಷದಿಂದ ಅವರು ಇದನ್ನು ಹೊತ್ತುಕೊಂಡು ಬೆಂಕಿಯ ಮುಂದೆ ಕೂತಿದ್ದರು. ನಾನು ದೊಡ್ಡ ತಿಳಿವಳಿಕಸ್ಥನಂತೆ, ‘ರೇಖಗರ ಹೇಳಬೇಕು ಅನಿಸಂಗಿಲ್ಲೇನ್ರಿ?’ ಎಂದೆ. ಅವರು ಶಾಂತಗ ಹೇಳಬ್ಯಾಡ್ರಿ ಎಂದಷ್ಟೇ ಹೇಳಿ ಎದ್ದು ಮಂಚಕ್ಕೆ ಹೋದರು.

ಮೂರು ದಿನ ಅವರು ರೈಲಿನ ಕಡೆ ಸುಳಿಯಲಿಲ್ಲ. ‘ಶಾಂತಾ, ಅಳಿಯಂದ್ರಿಗೆ ಸಾರು ಬಡಸು’ ಮತ್ತೆ ಶುರುವಾಯಿತು. ಆಟ ಹಚ್ಚಿದರೂ ನನಗೆ ರುಚಿಸಲಿಲ್ಲ, ಸಪಾಟು ದಾರಿಯಲ್ಲೇ ನಿಲ್ಲಿಸಿಕೊಂಡು ಕೂರುತ್ತಿದ್ದೆ. ಇಪ್ಪತ್ತಾರು ವರ್ಷಕ್ಕೆ ಸಿಕ್ಕ ಒಂದು ಗೆಳೆತನವನ್ನು ಒಂದೇ ಪ್ರಶ್ನೆಯಿಂದ ಕೆಡಿಸಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ನಾಲ್ಕನೆಯ ದಿನ ಊಟವಾದ ಮೇಲೆ ಅವರೇ ಬಂದು ಪಕ್ಕದಲ್ಲಿ ನಿಂತರು. ‘ರೇಖಗ ಫೋನ್ ಹಚ್ಚಿಕೊಡ್ರಿ’ ಎಂದರು.

ಹಚ್ಚಿಕೊಟ್ಟೆ. ಗಡಿಬಿಡಿಯಲ್ಲಿ ಸ್ಪೀಕರಿನ ಗುಂಡಿಯನ್ನೂ ಒತ್ತಿಬಿಟ್ಟೆ. ಅತ್ತೆ ಊಟ ಆಯಿತೇ, ಎಮ್ಮೆ ಹೇಗಿದೆ ಎಂದು ಸುತ್ತಿ ಬಳಸಲಿಲ್ಲ.

‘ರೇಖಾ, ಅವತ್ತು ನಿನ್ನ ಕಾಲ ಮ್ಯಾಲ ಉಸುಕು ಸುರುವಿದೆನಲ್ಲ. ಸಿಟ್ಟಿಲೆ ಅಲ್ಲವ್ವಾ. ನನಗ ಕಾಣಂಗಿಲ್ಲ. ಬಾಳ ದಿನ ಆತು.’

ಫೋನಿನಲ್ಲಿ ಹಿಂದೆ ಯಾರೋ ಚೀಲ ಎಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ರೇಖಳ ದನಿ ಬಂತು.

‘ಗೊತ್ತೈತ್ರಿ ಅತ್ತಿ.’

‘ಏನು ಗೊತ್ತೈತಿ?’

‘ನಿಮಗ ಕಾಣಂಗಿಲ್ಲ ಅಂತ. ಅವತ್ತ ಗೊತ್ತಾತು. ಸುರುವಿದ ಮ್ಯಾಲೂ ನೀವು ಜರಡಿ ಅಂತ ನನ್ನ ಕಾಲಾಗ ಕೈಯಾಡಸ್ತಿದ್ರಿ. ಅದಕ ಜಾರಿದೆ ಅಂದೆ. ಅವತ್ತಿಂದ ನಾನು ನಿಮ್ಮ ಎಡಕ್ಕ ನಿಲ್ಲಾದು ಬಿಟ್ಟು ಬಲಕ್ಕ ನಿಲ್ತೀನಿ. ನೀವು ನೋಡಿಲ್ಲೇನು?’

‘ಕಂಡಿದ್ರ ನೋಡ್ತಿದ್ನೆವ್ವಾ!’ ಎಂದರು ಅತ್ತೆ. ನಗುತ್ತಿದ್ದರೋ ಅಳುತ್ತಿದ್ದರೋ ಕಪ್ಪು ಕನ್ನಡಕದ ಹಿಂದೆ ನನಗೆ ತಿಳಿಯಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಶಾಂತ ಎಲೆಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ವಿಷಯ ನನಗೆ ಮೊದಲೇ ಗೊತ್ತಿತ್ತೆಂದು ನನ್ನ ಬಾಯಿ ಬಿಡಿಸಿಕೊಂಡ ಮೇಲೆ ಅವಳ ಸಿಟ್ಟು ತಾಯಿಯ ಮೇಲೆ ಹೋಗದೆ ನನ್ನ ಮೇಲೆ ಬಂತು. ‘ಹೆತ್ತ ಮಗಳಿಗೆ ಹೇಳದ ಮಾತು ನಿಮಗ ಹೇಳ್ಯಾಳ! ಮೂರು ದಿನ ಹೊಟ್ಟ್ಯಾಗ ಇಟಗೊಂಡು ಸುಮ್ನ ಅನ್ನ ಉಂಡೀರಿ!’ ಎಂದು ಒಂದು ವಾರ ನನ್ನ ತಲೆ ತಿಂದಳು.

ಮರುದಿನ ಬೆಳಿಗ್ಗೆಯಿಂದ ಹೊಸದೊಂದು ರೂಢಿ ಶುರುವಾಯಿತು. ಭಟ್ಟಿ ಹೊತ್ತಿಸಿದ ಕೂಡಲೆ ರೇಖ ಫೋನ್ ಮಾಡಿ, ಅದನ್ನು ಬಾಣಲೆಯ ಹತ್ತಿರ ಹಿಡಿಯುವಳು. ಇಲ್ಲಿ ಅತ್ತೆ ಕಿವಿಗೆ ಒತ್ತಿಕೊಂಡು, ‘ಇನ್ನಾ ಕಾದಿಲ್ಲ, ತಡಿ... ಈಗ ಕೇಳು, ಸದ್ದು ಸಣ್ಣಗಾತು ನೋಡು, ಈಗ ಸುರಿ’ ಎನ್ನುವರು. ಅತ್ತೆ ಸುಮ್ಮನಿದ್ದಾಗ ರೇಖ ತಾನೇ ಹೇಳಿನೋಡುವಳು. ತಿಂಗಳೊಳಗೆ ಅವಳು ಹೇಳಿದ್ದೇ ಸರಿಯಾಗತೊಡಗಿತು. ಮಂಜಣ್ಣನಿಗೂ ವಿಷಯ ತಿಳಿಯಿತು. ಅವನು ಬಂದು ತಾಯಿಯ ಮುಂದೆ ಬಹಳ ಹೊತ್ತು ಕೂತ, ಪಡಸಾಲೆಯ ಮಾತು ಎತ್ತಲಿಲ್ಲ.

ಎಡಗಣ್ಣಿನ ಆಪರೇಷನ್ನೂ ಆಯಿತು. ಬಲಗಣ್ಣು ಸುಮಾರಾಗಿ ಬಂತು, ಎಡಗಣ್ಣು ತಡವಾಗಿದೆ ಎಂದರು ಡಾಕ್ಟರು. ಬೆಂಕಿಯ ಮುಂದೆ ಕೂರುವುದು ಇನ್ನು ಬೇಡ. ಅತ್ತೆ ವಾದ ಮಾಡಲಿಲ್ಲ. ಅವರನ್ನು ಊರಿಗೆ ಬಿಡಲು ರೈಲಿನಲ್ಲೇ ಕರೆದುಕೊಂಡು ಹೋದೆ. ಅವರ ಜೀವಮಾನದ ಮೊದಲ ರೈಲು ಅದು, ನನಗೆ ಆವತ್ತೇ ತಿಳಿದದ್ದು. ಅಷ್ಟು ದಿನ ನನ್ನ ಎಂಜಿನ್ನಿಗೆ ಬೆಂಕಿ ಹಾಕಿದವರು ರೈಲನ್ನೇ ಹತ್ತಿರಲಿಲ್ಲ! ಡೀಸೆಲ್ ಎಂಜಿನ್ನಿನ ಸದ್ದಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು, ‘ಇದು ಲಾರಿ ಅಲ್ಲೇನ್ರಿ’ ಎಂದು ಕೈಬಿಟ್ಟರು. ಆಮೇಲೆ ಹರಪನಹಳ್ಳಿಯತನಕ ಕಿಟಕಿಯಿಂದ ಹೊರಗೆ ನೋಡಿದರು. ಕಂಡದ್ದನ್ನೆಲ್ಲ ಹೆಸರು ಹೇಳಿ ಹೇಳಿ ನೋಡಿದರು: ಬೇವು, ಬಾವಿ, ಜೋಳದ ಹೊಲ, ಕೆಂಪು ಸೀರೆ.

ಇಷ್ಟೆಲ್ಲ ನೆನಪಾಗಿ, ಸೋಮವಾರ ಅಂಗಡಿಗೆ ಬೀಗ ಹಾಕಿ ಶಾಂತಳ ಜೊತೆ ಹರಪನಹಳ್ಳಿಗೆ ಹೋದೆ. ಒಂದು ವಿಷಯ ಹೇಳಬೇಕು. ಇಷ್ಟು ವರ್ಷಗಳಲ್ಲಿ ನಾನು ಆ ಭಟ್ಟಿಯ ಕೋಣೆಯೊಳಗೆ ಕಾಲಿಟ್ಟವನಲ್ಲ. ಅಳಿಯನಿಗೆ ಪಡಸಾಲೆಯಲ್ಲಿ ಕುರ್ಚಿ, ಫ್ಯಾನು, ಒಗ್ಗರಣೆ ಮಂಡಕ್ಕಿ. ಹೊಗೆಯೊಳಗೆ ಕರೆದೊಯ್ಯುವವರು ಯಾರು? ಈ ಸಲ ನಾನೇ ಎದ್ದು ಹಿಂದಕ್ಕೆ ನಡೆದೆ.

ಬಾಗಿಲ ಹೊರಗಿನ ಕಟ್ಟೆಯ ಮೇಲೆ ಅತ್ತೆ ಭಟ್ಟಿಗೆ ಬೆನ್ನುಕೊಟ್ಟು ಕೂತಿದ್ದರು. ಒಳಗೆ ರೇಖ ಉಸುಕಿನಲ್ಲಿ ಕೈಯಾಡಿಸುತ್ತಿದ್ದಳು. ನಾನೂ ಒಂದಿಷ್ಟು ಹೊಟ್ಟು ಹಾಕುತ್ತೇನೆಂದು ಕೇಳಿಕೊಂಡದ್ದಕ್ಕೆ ನಕ್ಕು, ಹೊಟ್ಟಿನ ರಾಶಿಯ ಪಕ್ಕ ಜಾಗ ಬಿಟ್ಟಳು. ಭಟ್ಟಿಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಪರದೆಯ ಬೆಂಕಿ ಮುಖ ಸುಡುವುದಿಲ್ಲ, ಇದು ಹುಬ್ಬಿನ ಕೂದಲನ್ನೇ ಮುರುಟಿಸುವಂತಿತ್ತು. ಎರಡು ಹಿಡಿ ಹಾಕಿದೆ. ಬೆಂಕಿ ಗುಂಯ್ ಎಂದು ಎಳೆದುಕೊಂಡಿತು. ಎಷ್ಟು ಚಂದ ಎಳೆದುಕೊಳ್ಳುತ್ತದೆ ಎಂದು ಇನ್ನೆರಡು ಹಾಕಿದೆ, ಮತ್ತೆರಡು ಹಾಕಿದೆ.

‘ಏ, ಸಾಕು ಬಿಡಲೇ!’ ಹೊರಗಿನಿಂದ ಅತ್ತೆ ಗುಡುಗಿದರು.

ರೇಖಳ ಕೈ ನಿಂತಿತು. ಬಾಗಿಲಲ್ಲಿದ್ದ ಶಾಂತ ನಾಲಿಗೆ ಕಚ್ಚಿಕೊಂಡಳು.

‘ಅತ್ತೀ, ಇಲ್ಲಿ ಹಾಕಾಕತ್ತಿರೋದು ಅಣ್ಣಾರು’ ಎಂದಳು ರೇಖ ಮೆಲ್ಲಗೆ.

‘ಗೊತ್ತೈತಿ ಬಿಡು, ಕಿವಿ ಅದಾವ ನನಗ’ ಎಂದರು ಅತ್ತೆ, ತಿರುಗದೆ. ಆಮೇಲೆ ನನಗೆ ಹೇಳಿದರು: ‘ಸಣ್ಣಗ ಹಾ‌ಕು.’

ಹಾಕ್ರಿ ಎನ್ನಲಿಲ್ಲ. ನಾನು ಹಿಡಿಯನ್ನು ಅರ್ಧ ಮಾಡಿ ಹಾಕಿದೆ.